ಕಾರಿಗೆ ಪೇಂಟ್ ಸೀಲಂಟ್: ಬಿಳಿ ಕಲೆ ಉಳಿಯದಂತೆ ಹಚ್ಚುವ ಬಗ್ಗೆ ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನಮ್ಮ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಕಾರು ತೊಳೆಯುವವರ ದೂರು ಹೆಚ್ಚು ಕಡಿಮೆ ಒಂದೇ: ಸೀಲಂಟ್ ಹಚ್ಚಿದ ಮೇಲೆ ಬಿಳಿ ಪಟ್ಟೆಗಳು ಉಳಿದಿವೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ನೆಂಟರೂ ಫೋನಿನಲ್ಲಿ ಇದನ್ನೇ ಕೇಳುತ್ತಾರೆ. ಡಬ್ಬಿಯ ಮೇಲಿನ ಸೂಚನೆಗಳಲ್ಲಿ ನಮ್ಮ ತೇವದ ಗಾಳಿಯ ಮಾತಾಗಲಿ, ಕೆಮ್ಮಣ್ಣಿನ ಧೂಳಿನ ಮಾತಾಗಲಿ, ಅಡಿಕೆ ತೋಟದ ಅಂಚಿನಲ್ಲಿ ನಿಲ್ಲುವ ಕಾರಿನ ಪಾಡಾಗಲಿ ಇರುವುದಿಲ್ಲವಾದ್ದರಿಂದ, ಹಲವು ವರ್ಷ ಮನೆಯಲ್ಲೇ ಈ ಕೆಲಸ ಮಾಡಿ, ಕೆಡಿಸಿಕೊಂಡು, ಸರಿಪಡಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಪೇಂಟ್ ಸೀಲಂಟ್ ಎಂದರೆ ಏನು? ವ್ಯಾಕ್ಸ್ ಮತ್ತು ಸೆರಾಮಿಕ್ ಕೋಟಿಂಗ್‌ಗಿಂತ ಇದು ಹೇಗೆ ಬೇರೆ?

ವ್ಯಾಕ್ಸ್‌ಗಳಲ್ಲಿ ಹೆಸರಾದದ್ದು ಬ್ರೆಜಿಲ್ ದೇಶದ ಕಾರ್ನೂಬಾ ಎಂಬ ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ. ಸೀಲಂಟ್ ಕಾರ್ಖಾನೆಯಲ್ಲಿ ತಯಾರಾಗುವ ಪಾಲಿಮರ್. ಅದು ಬಣ್ಣದ ಮೇಲಿನ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರಕ್ಕೆ ಬಹಳ ತೆಳುವಾದ ಪೊರೆಯಾಗಿ ಅಂಟಿಕೊಂಡು ನೀರನ್ನು ನಿಲ್ಲಗೊಡದೆ ಜಾರಿಸುತ್ತದೆ. ಕೆಸುವಿನ ಎಲೆಯ ಮೇಲೆ ನೀರು ಮಣಿಯಾಗಿ ಉರುಳುವುದನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಕಾಗದು. ಸೆರಾಮಿಕ್ ಕೋಟಿಂಗ್ ಸಿಲಿಕಾ ಆಧಾರಿತವಾದದ್ದು, ಗಟ್ಟಿಯಾಗಿ ಕೂರುವಂಥದ್ದು, ತಪ್ಪಾದರೆ ತೆಗೆಯುವುದೂ ಅಷ್ಟೇ ಕಷ್ಟ. ಮನೆಯ ಅಂಗಳದಲ್ಲಿ ಮೊದಲ ಬಾರಿಗೆ ಕೈಹಾಕುವವರು ಸೀಲಂಟ್‌ನಿಂದ ಆರಂಭಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಬಿಳಿ ಕಲೆ ಉಳಿಯುವುದಾದರೂ ಏಕೆ?

ಪೊರೆಯಾಗಿ ಬಣ್ಣಕ್ಕೆ ಅಂಟಿಕೊಳ್ಳುವುದು ಹಚ್ಚಿದ ಸೀಲಂಟ್‌ನ ಅತ್ಯಲ್ಪ ಭಾಗ ಮಾತ್ರ. ಮಿಕ್ಕದ್ದೆಲ್ಲ ಮೇಲೆಯೇ ಒಣಗಿ ಮಬ್ಬಾಗಿ ನಿಲ್ಲುತ್ತದೆ, ಅದನ್ನು ನಾವು ಒರೆಸಿ ತೆಗೆಯುತ್ತೇವೆ. ದಪ್ಪವಾಗಿ ಹಚ್ಚಿದರೆ ಮೇಲ್ಪದರ ಒಣಗಿದಂತೆ ಕಂಡರೂ ಒಳಗೆ ದ್ರಾವಕ ಸಿಕ್ಕಿಕೊಂಡು ಹಸಿಯಾಗಿಯೇ ಇರುತ್ತದೆ. ಬಟ್ಟೆ ಆಡಿಸಿದಾಗ ಅದು ಕಿತ್ತುಬರುವ ಬದಲು ಬಳಿದುಕೊಳ್ಳುತ್ತದೆ, ಬಳಿದದ್ದು ಪಟ್ಟೆಯಾಗಿ ಒಣಗುತ್ತದೆ.

ಉಳಿದ ಕಾರಣಗಳೂ ಇವೆ. ಬಿಸಿಲಿಗೆ ಕಾದ ತಗಡಿನ ಮೇಲೆ ಹಚ್ಚಿದರೆ ದ್ರಾವಕ ಕ್ಷಣದಲ್ಲಿ ಆರಿ ಮಿಕ್ಕದ್ದು ಸುಟ್ಟ ಹಾಲಿನ ಕೆನೆಯಂತೆ ಹಿಡಿದುಕೊಳ್ಳುತ್ತದೆ. ತೇವದ ತಗಡಿನ ಮೇಲೆ ಹಚ್ಚಿದರೆ ನೀರಿನೊಂದಿಗೆ ಕಲಸಿ ಬೂದು ಗೆರೆಗಳಾಗುತ್ತವೆ. ಹಳೆಯ ವ್ಯಾಕ್ಸ್‌ನ ಜಿಡ್ಡು ಇದ್ದರೆ ಹೊಸದು ಅದರ ಮೇಲೆ ತೇಲುತ್ತದೆ. ಒರೆಸುವ ಬಟ್ಟೆಯೇ ಸೀಲಂಟ್‌ನಿಂದ ನೆನೆದಿದ್ದರೆ ಒಂದು ಕಡೆ ತೆಗೆದದ್ದನ್ನು ಇನ್ನೊಂದು ಕಡೆ ಹಚ್ಚಿದಂತಾಗುತ್ತದೆ. ಹಾಗಿದ್ದರೂ ನನ್ನ ಬಳಿಗೆ ಬಂದ ಹೆಚ್ಚಿನ ದೂರುಗಳ ಮೂಲ ಎರಡೇ: ಅಳತೆ ಮೀರಿದ ಸೀಲಂಟ್ ಮತ್ತು ಕಣ್ಣಿಗೆ ಕಾಣದ ತೇವ.

ಹಾಗಾದರೆ ಎಷ್ಟು ಹಚ್ಚಬೇಕು?

ದೋಸೆ ಕಾವಲಿಗೆ ಈರುಳ್ಳಿ ತುಂಡಿನಿಂದ ಎಣ್ಣೆ ಸವರುತ್ತಾರಲ್ಲ, ಅಷ್ಟು. ಸಣ್ಣ ಕಾರಿಗೆ ಒಂದು ಸಲಕ್ಕೆ 15ರಿಂದ 20 ಮಿಲಿಲೀಟರ್, ಎಂದರೆ ಮೂರು ನಾಲ್ಕು ಚಹಾ ಚಮಚದಷ್ಟು ದ್ರವ ಸೀಲಂಟ್ ಧಾರಾಳವಾಗಿ ಸಾಕು. ಬಾನೆಟ್ಟಿನ ಅರ್ಧ ಭಾಗಕ್ಕೆ ಫೋಮ್ ಪ್ಯಾಡಿನ ಮೇಲೆ ಕಡಲೆಕಾಳಿನ ಗಾತ್ರದ ಮೂರು ನಾಲ್ಕು ಹನಿ ಹಾಕಿ ಹರಡಿ ನೋಡಿ. ಹಚ್ಚಿದ ಜಾಗ ಓರೆಯಾಗಿ ನೋಡಿದಾಗ ಮಾತ್ರ ಮಬ್ಬಾಗಿ ಕಂಡು, ನೇರವಾಗಿ ನೋಡಿದಾಗ ಬಣ್ಣವೇ ಕಾಣುತ್ತಿದ್ದರೆ ಅಳತೆ ಸರಿಯಾಗಿದೆ. ನೇರವಾಗಿ ನೋಡಿದಾಗಲೂ ಬಿಳಿ ಕಂಡರೆ ಅದು ಹೆಚ್ಚಾಯಿತು.

ಈ ಪಾಠ ನನಗೆ ಪುಕ್ಕಟೆಯಾಗಿ ಬಂದದ್ದಲ್ಲ. ಮೊದಲ ಬಾರಿ ಸೀಲಂಟ್ ತಂದಾಗ, ಹೆಚ್ಚು ಹಚ್ಚಿದಷ್ಟೂ ಹೆಚ್ಚು ರಕ್ಷಣೆ ಎಂಬ ನಂಬಿಕೆಯಿಂದ, ತೀರ್ಥಹಳ್ಳಿಯ ಹತ್ತಿರದ ಚಿಕ್ಕಮ್ಮನ ಮನೆಯ ಅಂಗಳದಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಕಡುನೀಲಿ ಕಾರಿಗೆ ಅರ್ಧ ಬಾಟಲಿ ಮೆತ್ತಿ ಊಟಕ್ಕೆ ಎದ್ದೆ. ಊಟ ಮುಗಿಯುವ ಹೊತ್ತಿಗೆ ಮೋಡ ಕವಿದು, ಗಾಳಿ ತಂಪಾಗಿ, ಹಚ್ಚಿದ್ದು ಅತ್ತ ಒಣಗದೆ ಇತ್ತ ಹಸಿಯಾಗಿಯೂ ಇರದೆ ಅಂಟಂಟಾಗಿ ನಿಂತಿತ್ತು. ವೀಳ್ಯ ಹಾಕಿಕೊಂಡು ಜಗಲಿಗೆ ಬಂದ ಚಿಕ್ಕಮ್ಮ, "ಕಾರಿಗೆ ಸುಣ್ಣ ಬಳಿದಿದ್ದೀಯೇನೋ ಮಾರಾಯ?" ಎಂದರು. ಆ ಸುಣ್ಣ ತೆಗೆಯಲು ಎರಡು ಸಂಜೆ ಬೇಕಾದವು.

ಮಲೆನಾಡಿನಲ್ಲಿ ಯಾವ ತಿಂಗಳು, ದಿನದ ಯಾವ ಹೊತ್ತು ಸೂಕ್ತ?

ವರ್ಷದಲ್ಲಿ ಎರಡು ಅವಧಿಗಳು ಅನುಕೂಲ. ಮೊದಲನೆಯದು ಮೃಗಶಿರ ಮಳೆ ಹಿಡಿಯುವ ಮುನ್ನ, ಎಂದರೆ ಮೇ ತಿಂಗಳೊಳಗೆ. ಎರಡನೆಯದು ಮಳೆಗಾಲ ಕಳೆದು ಬಿಸಿಲು ಕಂಡ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ಜುಲೈ ತಿಂಗಳಲ್ಲಿ ಈ ಕೆಲಸಕ್ಕೆ ಕೈಹಾಕುವುದು, ಮುಚ್ಚಿದ ಶೆಡ್ ಇದ್ದರೂ, ಶ್ರಮ ಮತ್ತು ಹಣ ಎರಡರ ನಷ್ಟ. ಶಿವಮೊಗ್ಗ ಪೇಟೆಯಲ್ಲಿ ಮಳೆ ಅಷ್ಟಿಲ್ಲವಾದ್ದರಿಂದ ಮಳೆಗಾಲದಲ್ಲಿಯೂ ನಡುನಡುವೆ ಎರಡು ಮೂರು ಒಣ ದಿನಗಳು ಸಿಗುವುದುಂಟು.

ದಿನದ ಹೊತ್ತಿನ ವಿಷಯದಲ್ಲಿ ಜನರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಬಿಸಿಲನ್ನು ತಪ್ಪಿಸಲೆಂದು ಬೆಳ್ಳಂಬೆಳಿಗ್ಗೆ ಆರಂಭಿಸುವುದು. ರಾತ್ರಿಯಿಡೀ ಹೊರಗೆ ನಿಂತ ಕಾರಿನ ತಗಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಗಾಳಿಯಲ್ಲಿ ತೇವ ತುಂಬಿರುವ ನಮ್ಮಲ್ಲಿ ಅದರ ಮೇಲೆ ಇಬ್ಬನಿಯ ಸಣ್ಣ ಪೊರೆ ಕೂತೇ ಇರುತ್ತದೆ, ನೀವು ಒರೆಸಿದ ಹತ್ತು ನಿಮಿಷಕ್ಕೆ ಮತ್ತೆ ಕೂರುತ್ತದೆ. ಮೈಗಿಂತ ಮೊದಲು ಕಿಟಕಿಯ ಗಾಜನ್ನು ನೋಡಿ. ಅದು ಮಂಜುಗಟ್ಟಿದ್ದರೆ ತಗಡೂ ತೇವವಾಗಿದೆ. ಇಬ್ಬನಿ ಆರಿದ ಮೇಲೆ ಹತ್ತು ಗಂಟೆಯ ಹೊತ್ತಿಗೆ ನೆರಳಿನಲ್ಲಿ ಆರಂಭಿಸುವುದು, ಇಲ್ಲವೇ ಸಂಜೆ ನಾಲ್ಕರ ನಂತರ ತಗಡು ತಣಿದ ಮೇಲೆ ಹಚ್ಚಿ ಕತ್ತಲಾಗುವುದರೊಳಗೆ ಮುಗಿಸುವುದು ಸರಿ. ಬೇಸಿಗೆಯ ಬಿಸಿಲಿನಲ್ಲಿ ಕಪ್ಪು ಕಾರಿನ ಬಾನೆಟ್ 60 ಡಿಗ್ರಿಗಿಂತಲೂ ಹೆಚ್ಚು ಕಾಯುತ್ತದೆ. ಅಂಗೈಯ ಹಿಂಬದಿಯನ್ನು ಬಾನೆಟ್ಟಿನ ಮೇಲಿಟ್ಟು ಹತ್ತು ಎಣಿಸಿದಾಗ ಬೆಚ್ಚಗೆನಿಸಿದರೆ ಇನ್ನಷ್ಟು ಕಾಯಬೇಕು. ಘಾಟಿ ಹತ್ತಿ ಬಂದ ಕಾರಿನ ಬಾನೆಟ್ ನೆರಳಿನಲ್ಲಿದ್ದರೂ ಎಂಜಿನ್ನಿನ ಬಿಸಿಯಿಂದ ಬಹಳ ಹೊತ್ತು ಕಾದೇ ಇರುತ್ತದೆ ಎಂಬುದು ನೆನಪಿರಲಿ.

ಮೊದಲು ಕಾರನ್ನು ಹೇಗೆ ತೊಳೆಯಬೇಕು?

ಕೆಮ್ಮಣ್ಣಿನ ಧೂಳು ನುಣುಪಾಗಿ ಕಂಡರೂ ಅದರಲ್ಲಿ ಗಟ್ಟಿ ಕಣಗಳಿರುತ್ತವೆ. ಒಣ ಬಟ್ಟೆಯಿಂದ ಒರೆಸಬಾರದು. ಮೊದಲು ಪೈಪಿನ ನೀರು ಜೋರಾಗಿ ಹಾಯಿಸಿ ಮಣ್ಣನ್ನು ಇಳಿಸಿ, ನಂತರ ಕಾರಿನ ಶ್ಯಾಂಪೂ ಬಳಸಿ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ನೊರೆಗೆ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ ಇರಲಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಒಣಗಿದ ಹನಿಗಳೇ ಬಿಳಿ ಚುಕ್ಕೆಗಳಾಗುತ್ತವೆ, ಅವುಗಳ ಮೇಲೆ ಸೀಲಂಟ್ ಹಚ್ಚಿದರೆ ಚುಕ್ಕೆ ಒಳಗೇ ಉಳಿಯುತ್ತದೆ.

ತೊಳೆಯುವುದಕ್ಕಿಂತ ಒಣಗಿಸುವುದರಲ್ಲಿ ಎಡವುವವರು ಹೆಚ್ಚು. ಕನ್ನಡಿಯ ಒಳಗೆ, ಬಾಗಿಲ ಹಿಡಿಯ ಹಿಂದೆ, ಪೆಟ್ರೋಲ್ ಮುಚ್ಚಳದಲ್ಲಿ, ನಂಬರ್ ಪ್ಲೇಟಿನ ಹಿಂದೆ, ಹಿಂಬದಿಯ ದೀಪಗಳ ಸಂದಿನಲ್ಲಿ ನೀರು ಅಡಗಿ ಕುಳಿತಿದ್ದು, ನೀವು ಸೀಲಂಟ್ ಹಚ್ಚುತ್ತಿರುವ ಹೊತ್ತಿಗೆ ಸರಿಯಾಗಿ ತೊಟ್ಟಿಕ್ಕಲು ಶುರುವಾಗುತ್ತದೆ. ಬಾಗಿಲುಗಳನ್ನೂ ಡಿಕ್ಕಿಯನ್ನೂ ಒಮ್ಮೆ ತೆರೆದು ಮುಚ್ಚಿ, ಸಂದುಗಳಿಗೆ ಬ್ಲೋವರ್ ಇಲ್ಲವೇ ತಣ್ಣನೆಯ ಗಾಳಿ ಊದುವ ಹೇರ್ ಡ್ರೈಯರ್ ಹಿಡಿದು, ನೆರಳಿನಲ್ಲಿ ಒಂದು ಗಂಟೆ ಬಿಟ್ಟರೆ ಆಗ ಕಾರು ನಿಜವಾಗಿ ಒಣಗಿದಂತೆ.

ಕ್ಲೇ ಬಾರ್ ಉಜ್ಜಲೇಬೇಕೇ?

ತೊಳೆದು ಒಣಗಿಸಿದ ಬಾನೆಟ್ಟಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಕವರ್‌ನೊಳಗೆ ಕೈಯಿಟ್ಟು ಸವರಿ ನೋಡಿ. ಉಪ್ಪಿನ ಕಾಗದದಂತೆ ಒರಟಾಗಿ ತಾಗಿದರೆ ಬ್ರೇಕಿನ ಕಬ್ಬಿಣದ ಪುಡಿ, ಡಾಂಬರಿನ ಕಣ, ಮರದ ಅಂಟು ಕೂತಿದೆ ಎಂದರ್ಥ. ಆಗ ಕ್ಲೇ ಬಾರ್, ಎಂದರೆ ಇಂಥ ಕಣಗಳನ್ನು ಎತ್ತಿಕೊಳ್ಳುವ ಮೆದು ಜೇಡಿಯಂಥ ತುಂಡು ಬೇಕು. ಒರಟು ಮೈಯ ಮೇಲೆ ಸೀಲಂಟ್ ಕಣಗಳ ಸುತ್ತ ಸಿಕ್ಕಿಕೊಂಡು, ಒರೆಸಿದರೂ ಬಾರದ ಸಣ್ಣ ಬಿಳಿ ಚುಕ್ಕೆಗಳಾಗುತ್ತದೆ. ಉಜ್ಜುವಾಗ ಮೈ ಸದಾ ಜಾರುವಂತೆ ಒದ್ದೆಯಾಗಿರಲಿ, ಕೆಳಗೆ ಬಿದ್ದ ಕ್ಲೇ ತುಂಡನ್ನು ಮತ್ತೆ ಬಳಸಬೇಡಿ.

ಸ್ಪಿರಿಟ್‌ನಿಂದ ಒರೆಸಬೇಕೆನ್ನುತ್ತಾರೆ. ಮನೆಯಲ್ಲಿರುವ ಸ್ಯಾನಿಟೈಸರ್ ಆದೀತೇ?

ಸ್ಯಾನಿಟೈಸರ್ ಬೇಡ. ಕೈ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್‌ನಂಥವನ್ನು ಸೇರಿಸಿರುತ್ತಾರೆ, ಅದೇ ಹೊಸ ಜಿಡ್ಡಾಗುತ್ತದೆ. ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನ ಒಂದು ಪಾಲಿಗೆ ಮೂರು ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ, ಬಟ್ಟೆಗೆ ಸಿಂಪಡಿಸಿಕೊಂಡು ಒಮ್ಮೆ ಒರೆಸಿದರೆ ಹಳೆಯ ವ್ಯಾಕ್ಸ್, ಪಾಲಿಶ್‌ನ ಎಣ್ಣೆ ಬಹುಪಾಲು ಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಹುಡುಕಿಕೊಂಡು ಹೋಗಬೇಕಿಲ್ಲ. ಕರೆಂಟಿನ ಕಣ್ಣಾಮುಚ್ಚಾಲೆಯ ನಮ್ಮ ಕಡೆ ಇನ್ವರ್ಟರ್ ಬ್ಯಾಟರಿಗೆ ಹಾಕಲು ಒಂದು ಕ್ಯಾನ್ ಮನೆಯಲ್ಲೇ ಇರುತ್ತದೆ. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಈ ಕೆಲಸ ಮಾಡಬೇಕು.

ಹಚ್ಚುವ ಕ್ರಮ ಯಾವುದು?

ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ, ಫೋಮ್ ಪ್ಯಾಡನ್ನು ತುಸುವೇ ತೇವಗೊಳಿಸಿ ಹಿಂಡಿ, ಹನಿಗಳನ್ನು ಪ್ಯಾಡಿನ ಮೇಲೆಯೇ ಹಾಕಬೇಕು, ಕಾರಿನ ಮೇಲೆ ನೇರವಾಗಿ ಸುರಿಯಬಾರದು. ಹಚ್ಚಿ ತಕ್ಷಣ ಒರೆಸುವ ಬಗೆಯ ಸೀಲಂಟ್ ಆದರೆ ಎರಡು ಅಡಿ ಚೌಕದಷ್ಟು ಜಾಗಕ್ಕಿಂತ ಹೆಚ್ಚು ಒಮ್ಮೆಗೆ ಹಿಡಿಯಬಾರದು. ಮಬ್ಬು ಕಟ್ಟಿದ ಮೇಲೆ ತೆಗೆಯುವ ಬಗೆಯದಾದರೆ ಒಂದೊಂದು ಬಾಗಿಲು, ಅರ್ಧ ಬಾನೆಟ್ ಹೀಗೆ ಭಾಗ ಮಾಡಿಕೊಂಡು ಹೋಗಬಹುದು. ಇಡೀ ಕಾರಿಗೆ ಹಚ್ಚಿ ಆಮೇಲೆ ಒರೆಸುವ ಪದ್ಧತಿ ಮಲೆನಾಡಿಗೆ ಹೇಳಿಸಿದ್ದಲ್ಲ, ಮೋಡ ಯಾವಾಗ ಕವಿಯುವುದೆಂದು ಯಾರಿಗೂ ತಿಳಿಯದು. ಮೊದಲು ಉದ್ದಕ್ಕೆ, ನಂತರ ಅದರ ಮೇಲೆಯೇ ಅಡ್ಡಕ್ಕೆ ಕೈ ಆಡಿಸಿದರೆ ಸಮನಾಗಿ ಹರಡುತ್ತದೆ. ಸುತ್ತಿ ಸುತ್ತಿ ಹಚ್ಚುವವರಿಗೆ ಎಲ್ಲಿ ದಪ್ಪವಾಯಿತು, ಎಲ್ಲಿ ಬಿಟ್ಟುಹೋಯಿತು ಎಂಬುದು ಗೊತ್ತಾಗುವುದಿಲ್ಲ. ಬಾಗಿಲ ಅಂಚು, ಲೋಗೋ, ಅಕ್ಷರಗಳ ಸುತ್ತ ಒಂದು ಬೆರಳಗಲ ಬಿಟ್ಟೇ ಹಚ್ಚಿ, ಕೊನೆಗೆ ಪ್ಯಾಡಿನಲ್ಲಿ ಉಳಿದದ್ದನ್ನು ಅಲ್ಲಿಗೆ ತಾಗಿಸಿದರೆ ಸಾಕು.

ಬಾಟಲಿಯಲ್ಲಿ 15 ನಿಮಿಷ ಎಂದಿದೆ, ನಮ್ಮಲ್ಲಿ ಅರ್ಧ ಗಂಟೆಯಾದರೂ ಒಣಗುವುದಿಲ್ಲ. ಎಷ್ಟು ಹೊತ್ತು ಕಾಯಬೇಕು?

ಗಡಿಯಾರವನ್ನು ನೋಡಬೇಡಿ, ಬೆರಳನ್ನು ನಂಬಿ. ಒಣ ಬೆರಳಿನಿಂದ ಹಚ್ಚಿದ ಜಾಗದ ಒಂದು ಮೂಲೆಯಲ್ಲಿ ಚಿಕ್ಕ ಗೆರೆ ಎಳೆಯಿರಿ. ಗೆರೆಯೊಳಗೆ ಬಣ್ಣ ಸ್ವಚ್ಛವಾಗಿ ಹೊಳೆದರೆ ತೆಗೆಯಲು ಸಿದ್ಧವಾಗಿದೆ. ಗೆರೆ ಬಳಿದುಕೊಂಡು ಮಸುಕಾದರೆ ಇನ್ನೂ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಗಾಳಿ ತಂಪಾಗಿ ತೇವವಾಗಿರುವ ದಿನ, ಮಬ್ಬು ಕಟ್ಟುವ ಬಗೆಯ ಸೀಲಂಟ್‌ನ ದ್ರಾವಕ ಮೆಲ್ಲಗೆ ಆರುತ್ತದೆ. ಅವಸರಕ್ಕೆ ಬಿಸಿಲಿಗೆ ತಳ್ಳಿದರೆ ಮೇಲ್ಪದರವಷ್ಟೇ ಗಟ್ಟಿಯಾಗುತ್ತದೆ. ಫ್ಯಾನಿನ ಗಾಳಿ ಬಿಡುವುದು ಒಳ್ಳೆಯ ಉಪಾಯ.

ಇಲ್ಲೊಂದು ತಿರುವಿದೆ, ಹಲವರು ಇದರಲ್ಲೇ ಮೋಸಹೋಗುತ್ತಾರೆ. ಸೆರಾಮಿಕ್ ಕೋಟಿಂಗ್ ಗಾಳಿಯ ತೇವವನ್ನೇ ಹೀರಿಕೊಂಡು ಗಟ್ಟಿಯಾಗುವಂಥದ್ದು. ಆದ್ದರಿಂದ ಅದೇ ಮೋಡದ ದಿನ ಸೀಲಂಟ್ ತಡವಾಗಿ ಒಣಗಿದರೆ, ಸೆರಾಮಿಕ್ ಕೋಟಿಂಗ್ ಬೇಗ ಹಿಡಿದುಕೊಂಡು ಕಾಮನಬಿಲ್ಲಿನ ಬಣ್ಣದ ದಪ್ಪ ಕಲೆಗಳನ್ನು ಬಿಡುತ್ತದೆ, ಕೆಲವು ಗಂಟೆ ಕಳೆದರೆ ಅವು ಪಾಲಿಶ್ ಮಾಡದೆ ಹೋಗುವುದಿಲ್ಲ. ಹೆಸರಿನಲ್ಲಿ ಸೆರಾಮಿಕ್ ಎಂದಿರುವ ಸೀಲಂಟ್ ಕೊಂಡಿದ್ದರೆ ಅದು ಯಾವ ಬಗೆಯದೆಂಬುದನ್ನು ಮೊದಲು ಬಾಗಿಲ ಕೆಳಭಾಗದಂಥ ಮರೆಯ ಜಾಗದಲ್ಲಿ ಪರೀಕ್ಷಿಸಿ ತಿಳಿದುಕೊಳ್ಳಬೇಕು.

ಒರೆಸಲು ಹಳೆಯ ಪಂಚೆ, ಬನಿಯನ್ ಬಟ್ಟೆ ಸಾಲದೇ?

ಸಾಲದು. ಹತ್ತಿ ಬಟ್ಟೆ ಸೀಲಂಟ್ ಪುಡಿಯನ್ನು ಎತ್ತಿಕೊಳ್ಳುವ ಬದಲು ಅತ್ತಿತ್ತ ತಳ್ಳುತ್ತದೆ, ಹೊಲಿಗೆ ಇರುವ ಕಡೆ ಗೀರೂ ಬೀಳುತ್ತದೆ. 300ರಿಂದ 400 ಜಿಎಸ್ಎಮ್ (ಚದರ ಮೀಟರಿಗೆ ಗ್ರಾಂ) ತೂಕದ ಮೈಕ್ರೋಫೈಬರ್ ಬಟ್ಟೆ ಬೇಕು. ಒಂದು ಸಣ್ಣ ಕಾರಿಗೆ ಕನಿಷ್ಠ ನಾಲ್ಕು ಇಟ್ಟುಕೊಳ್ಳಿ. ಬಟ್ಟೆಯನ್ನು ಎರಡು ಬಾರಿ ಮಡಚಿದರೆ ಎಂಟು ಮುಖಗಳು ಸಿಗುತ್ತವೆ. ಪ್ರತಿ ಬಾಗಿಲಿಗೆ ಒಂದು ಮುಖದಂತೆ ತಿರುಗಿಸುತ್ತ ಹೋಗಬೇಕು. ಮೊದಲ ಬಟ್ಟೆಯಿಂದ ಮಬ್ಬನ್ನು ಒಡೆದು ತೆಗೆಯುವುದು, ಅದರ ಹಿಂದೆಯೇ ಎರಡನೆಯ ಶುದ್ಧ ಬಟ್ಟೆಯನ್ನು ಹಗುರವಾಗಿ ಆಡಿಸುವುದು. ಬಲವಾಗಿ ಒತ್ತಬೇಕೆನಿಸಿದರೆ ಬಟ್ಟೆ ತುಂಬಿದೆ ಅಥವಾ ಸೀಲಂಟ್ ಹೆಚ್ಚಾಗಿದೆ.

ಈ ಬಟ್ಟೆಗಳನ್ನು ಮನೆಯ ಉಳಿದ ಬಟ್ಟೆಗಳೊಂದಿಗೆ ವಾಶಿಂಗ್ ಮಷಿನ್‌ಗೆ ಹಾಕಬಾರದು. ಹತ್ತಿಯ ನೂಲಿನ ಎಳೆಗಳನ್ನೆಲ್ಲ ಎಳೆದುಕೊಳ್ಳುತ್ತವೆ. ಬಟ್ಟೆಗೆ ಪರಿಮಳ, ಮೆದುತನ ಕೊಡುವ ಕಂಡಿಷನರ್ ಕೂಡದು, ಅದು ಎಳೆಗಳ ಮೇಲೆ ಪೊರೆ ಕಟ್ಟಿ ಮುಂದಿನ ಸಲ ಕಾರಿನ ಮೇಲೆ ಪಟ್ಟೆ ಬಿಡುತ್ತದೆ. ಮಳೆಗಾಲದಲ್ಲಿ ಇವು ಸರಿಯಾಗಿ ಒಣಗದೆ ಬೂಸಲು ವಾಸನೆ ಹಿಡಿಯುವುದರಿಂದ ತೊಳೆದು ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುವುದು ಕ್ಷೇಮ.

ಕಲೆ ಈಗಾಗಲೇ ಉಳಿದು ಗಟ್ಟಿಯಾಗಿದೆ. ತೆಗೆಯುವುದು ಹೇಗೆ?

ಮೆದುವಾದ ದಾರಿಯಿಂದ ಆರಂಭಿಸಿ ಅದು ಸೋತರೆ ಮಾತ್ರ ಮುಂದಿನದಕ್ಕೆ ಹೋಗಬೇಕು. ಎಲ್ಲಕ್ಕಿಂತ ಮೊದಲು ಪ್ರಯತ್ನಿಸಬೇಕಾದದ್ದು ವಿಚಿತ್ರವೆನಿಸಬಹುದು: ಕಲೆಯ ಮೇಲೆ ಅದೇ ಸೀಲಂಟ್‌ನ ಒಂದು ಹನಿಯನ್ನು ತೆಳುವಾಗಿ ಹಚ್ಚಿ, ಒಣಗಗೊಡದೆ ಕೂಡಲೇ ಶುದ್ಧ ಬಟ್ಟೆಯಿಂದ ಒರೆಸಿಬಿಡಿ. ಹೊಸ ಹನಿಯಲ್ಲಿರುವ ದ್ರಾವಕ ಹಳೆಯದನ್ನು ಸಡಿಲಿಸುತ್ತದೆ. ಚಿಕ್ಕಮ್ಮನ ಅಂಗಳದಲ್ಲಿ ಒಂದೂವರೆ ಸಂಜೆ ವ್ಯರ್ಥವಾಗಿ ಉಜ್ಜಿದ ಮೇಲೆ ನನ್ನ ಬಾನೆಟ್ ಬಿಡಿಸಿಕೊಂಡದ್ದು ಹೀಗೆಯೇ.

ಅದರಿಂದ ಆಗದಿದ್ದರೆ ತುಸು ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ತಕ್ಷಣ ಒಣ ಬಟ್ಟೆ ಆಡಿಸಿ, ಅಥವಾ ಕ್ವಿಕ್ ಡೀಟೇಲರ್ ಎಂಬ, ಮೈ ಒರೆಸಲು ಬಳಸುವ ಜಾರು ದ್ರವ ಸಿಂಪಡಿಸಿ ಒಂದು ನಿಮಿಷ ನೆನೆಯಲು ಬಿಟ್ಟು ತೆಗೆಯಿರಿ. ಮುಂದಿನದು ಮೇಲೆ ಹೇಳಿದ ಆಲ್ಕೋಹಾಲ್ ಮಿಶ್ರಣ. ಇಲ್ಲಿಂದ ಮುಂದೆ ಕಲೆಯೊಂದಿಗೆ ಆ ಜಾಗದ ಸೀಲಂಟ್ ಪೊರೆಯೂ ದುರ್ಬಲವಾಗುತ್ತದೆ, ಅಲ್ಲಿಗೆ ಮತ್ತೆ ಹಚ್ಚಬೇಕಾಗುತ್ತದೆ. ಕೊನೆಯ ಉಪಾಯವೆಂದರೆ ನುಣುಪಾದ ಫಿನಿಶಿಂಗ್ ಪಾಲಿಶ್ ಅನ್ನು ಕೈಯಿಂದ ಹಗುರವಾಗಿ ಉಜ್ಜುವುದು. ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪದ್ದು, ತಲೆಗೂದಲಿಗಿಂತಲೂ ತೆಳು; ಅದನ್ನು ಮೆಷಿನ್ ಹಿಡಿದು ಸವೆಸುವ ಅಗತ್ಯ ಸೀಲಂಟ್ ಕಲೆಗೆ ಬರುವುದಿಲ್ಲ. ಯಾರಾದರೂ ಅದಕ್ಕೇ ರಬ್ಬಿಂಗ್ ಕಾಂಪೌಂಡ್ (ಮೈಯನ್ನು ಸವೆಸುವ ಒರಟು ಪಾಲಿಶ್) ಹಾಕೋಣ ಎಂದರೆ ಒಪ್ಪಬೇಡಿ.

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಬಳಸಬಹುದೇ?

ಬೇಡ. ಥಿನ್ನರ್ ಬಣ್ಣವನ್ನೇ ಮೆತ್ತಗೆ ಮಾಡಬಲ್ಲದು, ಅದರಲ್ಲೂ ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆಸಿದ ಭಾಗಗಳನ್ನು. ಸೀಮೆಎಣ್ಣೆ ಮತ್ತು ಡೀಸೆಲ್ ಎಣ್ಣೆಯ ಪೊರೆ ಬಿಟ್ಟು ರಬ್ಬರ್ ಪಟ್ಟಿಗಳನ್ನು ಕೆಡಿಸುತ್ತವೆ. ಪೆಟ್ರೋಲ್ ಬೆಂಕಿಗೆ ಆಹ್ವಾನ.

ಬಂಪರಿನ ಕಪ್ಪು ಪ್ಲಾಸ್ಟಿಕ್ ಬಿಳಿಚಿಕೊಂಡಿದೆ, ಏನು ಮಾಡಲಿ?

ದೊರಗು ಪ್ಲಾಸ್ಟಿಕ್ಕಿನ ಸಣ್ಣ ಕುಳಿಗಳಲ್ಲಿ ಸೀಲಂಟ್ ಪುಡಿ ಕೂತು ಹಾಗಾಗುತ್ತದೆ. ಮೆದು ಹಲ್ಲುಜ್ಜುವ ಬ್ರಷ್ಷಿಗೆ ಶ್ಯಾಂಪೂ ನೀರು ಹಾಕಿ ಉಜ್ಜಿ ತೊಳೆದರೆ ಹೊಸ ಕಲೆ ಹೋಗುತ್ತದೆ. ಹಳೆಯದಕ್ಕೆ ಮಕ್ಕಳ ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್ ಉತ್ತಮ. ಒಣ ಪ್ಲಾಸ್ಟಿಕ್ಕಿನ ಮೇಲೆ ಅಳಿಸಿದಂತೆಯೇ ಉಜ್ಜಿದರೆ ಪುಡಿ ಕಿತ್ತುಬರುತ್ತದೆ. ಮುಂದಿನ ಸಲ ಹಚ್ಚುವ ಮುನ್ನ ಪ್ಲಾಸ್ಟಿಕ್ ಮತ್ತು ರಬ್ಬರಿನ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ. ಟೇಪ್ ಅಂಟಿಸುವ ಹದಿನೈದು ನಿಮಿಷ ದಂಡ ಎನಿಸುವವರು ಒಮ್ಮೆ ಆ ರಬ್ಬರ್ ಹಿಡಿದು ಕೂತರೆ ಸಾಕು, ಟೇಪಿನ ಬೆಲೆ ತಿಳಿಯುತ್ತದೆ.

ರಾತ್ರಿ ಚೆನ್ನಾಗಿಯೇ ಇತ್ತು, ಬೆಳಿಗ್ಗೆ ನೋಡಿದರೆ ಮತ್ತೆ ಪಟ್ಟೆಗಳು ಕಾಣುತ್ತಿವೆ. ಏಕೆ?

ಕೆಲವು ಸೀಲಂಟ್‌ಗಳು ಹಚ್ಚಿದ ಕೆಲವು ಗಂಟೆಗಳ ಮೇಲೆ ಬೆವರಿದಂತೆ ಎಣ್ಣೆಯಂಶವನ್ನು ಮೇಲಕ್ಕೆ ಬಿಡುತ್ತವೆ. ಒಣ ಬಟ್ಟೆಯಿಂದ ಇನ್ನೊಮ್ಮೆ ಹಗುರವಾಗಿ ಒರೆಸಿದರೆ ಹೋಗುತ್ತದೆ. ಕೆಲವೊಮ್ಮೆ ಕಲೆ ಸಂಜೆಯೇ ಇತ್ತು, ಟ್ಯೂಬ್‌ಲೈಟಿನ ಬೆಳಕಿಗೆ ನಮಗೆ ಕಂಡಿರಲಿಲ್ಲ. ಕೆಲಸ ಮುಗಿಸುವ ಮುನ್ನ ಮೊಬೈಲಿನ ಟಾರ್ಚ್ ಹಚ್ಚಿ ತಗಡಿಗೆ ಓರೆಯಾಗಿ ಹಿಡಿದು, ಕಾರಿನ ಸುತ್ತ ಒಂದು ಸುತ್ತು ಬರುವುದನ್ನು ರೂಢಿ ಮಾಡಿಕೊಳ್ಳಿ. ಬಿಳಿ, ಬೆಳ್ಳಿ ಬಣ್ಣದ ಕಾರುಗಳಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ.

ಒದ್ದೆ ಕಾರಿನ ಮೇಲೆ ಸಿಂಪಡಿಸಿ ನೀರು ಹಾಯಿಸಿದರೆ ಆಯಿತು ಎನ್ನುವ ಸೀಲಂಟ್‌ಗಳು ನಮ್ಮ ಹವೆಗೆ ಒಳ್ಳೆಯವಲ್ಲವೇ?

ಒಣಗಿಸುವ ತಾಪತ್ರಯವಿಲ್ಲದ ಕಾರಣ ಅನುಕೂಲ ಹೌದು, ಆದರೆ ಅವು ನೀರಿನ ಒತ್ತಡವನ್ನು ಬೇಡುತ್ತವೆ. ಸಿಂಪಡಿಸಿದ ಕೂಡಲೇ ಜೋರಾದ ನೀರಿನಿಂದ ಹರಡಿ ತೊಳೆಯದೆ ಹನಿಗಳು ಅಲ್ಲೇ ಆರಿದರೆ, ಅವು ಬಿಡುವ ಕಲೆ ಸಾಮಾನ್ಯ ಸೀಲಂಟ್‌ಗಿಂತ ಹಠಮಾರಿ. ಮಾಳಿಗೆಯ ಟ್ಯಾಂಕಿನಿಂದ ಸೊರಗಿ ಬರುವ ನಲ್ಲಿ ನೀರು ಸಾಲದು. ಪ್ರೆಶರ್ ವಾಷರ್ ಅಥವಾ ತೋಟದ ಪಂಪಿನ ಪೈಪ್ ಇದ್ದವರು ಮಾತ್ರ ಕೊಳ್ಳುವುದು ಮೇಲು. ಒಂದು ಬಾಗಿಲಿಗೆ ಎರಡು ಸಿಂಪಡಿಕೆ ಸಾಕು.

ಮುಂದಿನ ಗಾಜಿಗೂ ಹಚ್ಚಬಹುದೇ?

ಬಣ್ಣದ ಸೀಲಂಟ್ ಅನ್ನು ಮುಂದಿನ ಗಾಜಿಗೆ ಹಚ್ಚಬಾರದು. ವೈಪರ್ ಅದರ ಮೇಲೆ ನಡುಗುತ್ತ ಓಡಿ ಮಸುಕು ಬಿಡುತ್ತದೆ; ರಾತ್ರಿಯ ಮಳೆಯಲ್ಲಿ ಘಾಟಿ ಇಳಿಯುವಾಗ ಎದುರಿನ ಲಾರಿಯ ಬೆಳಕು ಆ ಮಸುಕಿನಲ್ಲಿ ಚದುರಿ ರಸ್ತೆಯೇ ಕಾಣದಂತಾಗುತ್ತದೆ. ತಪ್ಪಿ ಬಿದ್ದಿದ್ದರೆ ಆಲ್ಕೋಹಾಲ್ ಮಿಶ್ರಣದಿಂದ ಗಾಜನ್ನೂ ವೈಪರಿನ ರಬ್ಬರನ್ನೂ ಒರೆಸಿ.

ತೋಟಕ್ಕೆ ಬೋರ್ಡೋ ಹೊಡೆಯುವಾಗ ಕಾರಿನ ಮೇಲೆ ಬಿದ್ದ ಹನಿಗಳು, ಹಲಸಿನ ಮೇಣ, ಇವುಗಳಿಂದ ಸೀಲಂಟ್ ಕಾಪಾಡುತ್ತದೆಯೇ?

ಅಂಟುವುದನ್ನು ನಿಧಾನಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಇರುತ್ತದೆ. ಮಳೆಗೆ ತೊಳೆದುಹೋಗದಿರಲೆಂದು ಹಲವರು ಅಂಟನ್ನೂ ಸೇರಿಸುತ್ತಾರೆ. ಅಡಿಕೆ ಗೊನೆಗೆ ಹಿಡಿಯುವ ಆ ಗುಣವೇ ಕಾರಿಗೂ ಹಿಡಿಯುತ್ತದೆ. ಹಸಿಯಾಗಿರುವಾಗಲೇ ನೀರು ಹಾಯಿಸಿದರೆ ಸೀಲಂಟ್ ಇರುವ ಕಾರಿನಿಂದ ಹನಿಗಳು ಸುಲಭವಾಗಿ ಜಾರುತ್ತವೆ. ಒಣಗಿ ನೀಲಿಬಿಳಿ ಚುಕ್ಕೆಗಳಾದ ಮೇಲೆ ಅವನ್ನು ಉಗುರಿನಿಂದ ಕೆರೆಯದೆ, ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿ ಬಟ್ಟೆಗೆ ಅದ್ದಿ ಚುಕ್ಕೆಯ ಮೇಲೆ ಒಂದು ನಿಮಿಷ ಇರಿಸಿ, ಸುಣ್ಣ ಕರಗಿದ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಇದನ್ನು ಸೀಲಂಟ್‌ನ ಕಲೆಯೆಂದೇ ತಿಳಿದು ವಾರಗಟ್ಟಲೆ ಉಜ್ಜಿದವರನ್ನು ಕಂಡಿದ್ದೇನೆ. ವ್ಯತ್ಯಾಸ ಸುಲಭ: ಸೀಲಂಟ್‌ನ ಕಲೆ ಕೈಯಾಡಿಸಿದ ಗುರುತಿನಲ್ಲಿ ಪಟ್ಟೆಯಾಗಿರುತ್ತದೆ, ಬೋರ್ಡೋ ಕಲೆ ಗುಂಡಗೆ ಸಿಡಿದಿರುತ್ತದೆ.

ಹಲಸಿನ ಮೇಣಕ್ಕೆ ಅಡುಗೆಮನೆಯ ಉಪಾಯವೇ ಸರಿ. ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ನಂತರ ಶ್ಯಾಂಪೂ ಹಾಕಿ ತೊಳೆದು ಎಣ್ಣೆಯ ಜಿಡ್ಡು ತೆಗೆಯಿರಿ. ಎರಡೂ ಸಂದರ್ಭದಲ್ಲಿ ಆ ಜಾಗಕ್ಕೆ ಸೀಲಂಟ್ ಮತ್ತೆ ಹಚ್ಚಬೇಕು.

ಎರಡನೆಯ ಕೋಟ್ ಬೇಕೇ? ಎಷ್ಟು ತಿಂಗಳು ಬಾಳುತ್ತದೆ?

ಒಂದು ದಪ್ಪ ಕೋಟ್‌ಗಿಂತ ಎರಡು ತೆಳು ಕೋಟ್ ಲೇಸು. ಮೊದಲನೆಯದರಲ್ಲಿ ಬಿಟ್ಟುಹೋದ ಜಾಗ ಎರಡನೆಯದರಲ್ಲಿ ತುಂಬುತ್ತದೆ. ನಡುವೆ ಎಷ್ಟು ಗಂಟೆ ಬಿಡಬೇಕೆಂಬುದು ಬಾಟಲಿಯಲ್ಲಿರುತ್ತದೆ, ಇಲ್ಲದಿದ್ದರೆ ಒಂದು ದಿನ ಬಿಡಿ, ಆ ಅವಧಿಯಲ್ಲಿ ಕಾರು ನೆನೆಯಬಾರದು. ಬಾಳಿಕೆಯ ಬಗ್ಗೆ ಡಬ್ಬಿಯ ಮೇಲೆ ಆರು ತಿಂಗಳು, ವರ್ಷ ಎಂದೆಲ್ಲ ಇದ್ದರೂ, ದಿನವೂ ಮಳೆಗೂ ಕೆಸರಿಗೂ ಒಡ್ಡಿದ ಕಾರಿನಲ್ಲಿ ನಾನು ನಾಲ್ಕು ತಿಂಗಳಿಗಿಂತ ಹೆಚ್ಚು ನಿರೀಕ್ಷಿಸುವುದಿಲ್ಲ. ತೊಳೆಯುವಾಗ ನೀರು ಮಣಿಯಾಗದೆ ಹಾಳೆಯಂತೆ ಹರಡಿ ನಿಂತರೆ ಮತ್ತೆ ಹಚ್ಚುವ ಕಾಲ ಬಂದಿದೆ.

ಟಿಂಕರಿಂಗ್ ಮಾಡಿಸಿ ಹೊಸದಾಗಿ ಬಣ್ಣ ಹೊಡೆಸಿದ ಬಾಗಿಲಿಗೆ ಯಾವಾಗ ಹಚ್ಚಬಹುದು?

ಹೊಸ ಬಣ್ಣದೊಳಗಿನ ದ್ರಾವಕ ಹೊರಬರಲು ಸಮಯ ಬೇಕು. ಕನಿಷ್ಠ 30 ದಿನ, ಗಾಳಿಯಲ್ಲೇ ಒಣಗಿದ ಬಣ್ಣವಾದರೆ 60ರಿಂದ 90 ದಿನ ಕಾಯುವುದು ವಾಡಿಕೆ. ಬಣ್ಣ ಹೊಡೆದವರನ್ನೇ ಕೇಳಿ.

ಆಯುಧಪೂಜೆಯ ಹಿಂದಿನ ದಿನ ಹಚ್ಚಿದರೆ ಕಾರು ಹೊಳೆಯುತ್ತದಲ್ಲವೇ?

ಹೊಳೆಯುತ್ತದೆ, ಆದರೆ ಮರುದಿನ ಬಾನೆಟ್ಟಿಗೆ ಬೀಳುವುದು ಒದ್ದೆ ಅರಿಸಿನ, ಕುಂಕುಮ, ಗಂಧ, ವಿಭೂತಿ ಮತ್ತು ಅಂಟುಪಟ್ಟಿಯಿಂದ ಬಿಗಿದ ಹಾರ. ಪೂರ್ತಿ ಗಟ್ಟಿಯಾಗದ ಸೀಲಂಟ್ ಆ ಬಣ್ಣಗಳನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ, ಅಂಟುಪಟ್ಟಿ ತನ್ನ ಗುರುತನ್ನು ಬಿಡುತ್ತದೆ. ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ, ಮಳೆ ಬಿಡುವು ಕೊಟ್ಟ ದಿನ ನೋಡಿ ಹಚ್ಚಿ ಮುಗಿಸಿ. ಅದಾಗದಿದ್ದರೆ ಈ ವರ್ಷ ಬರೀ ತೊಳೆದು ಪೂಜೆ ಮಾಡಿ. ಕುಂಕುಮವನ್ನು ಅದೇ ಸಂಜೆ ಒಣ ಬಟ್ಟೆಯಿಂದ ಒರೆಸದೆ ನೀರು ಹಾಯಿಸಿ ತೊಳೆದು, ಮುಂದಿನ ಒಣ ಭಾನುವಾರ ಸೀಲಂಟ್ ಬಾಟಲಿ ತೆಗೆಯಿರಿ.